ರೋಗನಿರೋಧಕ ಕೋಶಗಳಿಗೆ ಕ್ಯಾನ್ಸರ್ ಕಾಣಿಸುತ್ತದೆ ಎಂದಾದರೆ ಗಡ್ಡೆ ಬೆಳೆಯುವುದಾದರೂ ಹೇಗೆ?

ಪ್ರಶ್ನಾರ್ಥಕ:

ಕ್ಯಾನ್ಸರ್ ಕುರಿತು ಓದುವಾಗಲೆಲ್ಲ ಒಂದಕ್ಕೊಂದು ಹೊಂದದ ಎರಡು ಮಾತುಗಳು ಎದುರಾಗುತ್ತವೆ. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಕೋಶ, ಆದ್ದರಿಂದ ರೋಗನಿರೋಧಕ ವ್ಯವಸ್ಥೆಗೆ ಅದು ಪರಕೀಯವಾಗಿ ಕಾಣುವುದಿಲ್ಲ ಎಂಬುದು ಒಂದು. ದೇಹದಲ್ಲಿ ಆಗಾಗ ಹುಟ್ಟುವ ಇಂಥ ಕೋಶಗಳನ್ನು ರೋಗನಿರೋಧಕ ಕೋಶಗಳು ಹುಡುಕಿ ಕೊಲ್ಲುತ್ತಲೇ ಇರುತ್ತವೆ ಎಂಬುದು ಇನ್ನೊಂದು. ಎರಡೂ ಪೂರ್ತಿಯಾಗಿ ನಿಜವಾಗಿರಲು ಸಾಧ್ಯವಿಲ್ಲ.

ನನ್ನ ಪ್ರಶ್ನೆ ಇಷ್ಟು. ಟಿ ಕೋಶ ಎಂಬ ರೋಗನಿರೋಧಕ ಕೋಶವೊಂದು ಕ್ಯಾನ್ಸರ್ ಕೋಶದ ಪಕ್ಕದಲ್ಲಿ ಹಾದುಹೋಗುವಾಗ ಅದಕ್ಕೆ ನಿಜವಾಗಿ ಏನು ಕಾಣಿಸುತ್ತದೆ? ಕಂಡ ಮೇಲೆ ಅದು ಏನು ಮಾಡುತ್ತದೆ? ಮಾಡಬೇಕಾದದ್ದನ್ನು ಮಾಡಿದರೂ ಗಡ್ಡೆ ಏಕೆ ಉಳಿದುಕೊಳ್ಳುತ್ತದೆ? ಪಠ್ಯಪುಸ್ತಕದ ಮಟ್ಟವನ್ನು ದಾಟಿದ ವಿವರ ಬೇಕಾಗಿದೆ. ಉತ್ತರ ಉದ್ದವಾದರೂ ಅಡ್ಡಿಯಿಲ್ಲ.

ಟಿ ಕೋಶದ ಬೆನ್ನುಹತ್ತಿದವ:

ಮೊದಲನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಉಳಿದ ಗೊಂದಲಗಳಲ್ಲಿ ಅರ್ಧ ಅಲ್ಲಿಯೇ ಬಗೆಹರಿಯುತ್ತದೆ.

ಟಿ ಕೋಶವು ಕ್ಯಾನ್ಸರ್ ಕೋಶವನ್ನು ಇಡಿಯಾಗಿ ನೋಡುವುದೇ ಇಲ್ಲ. ಅದರ ಆಕಾರ, ಅದು ಒಡೆದು ಹೆಚ್ಚುವ ವೇಗ, ಅದರ ಕೋಶಕೇಂದ್ರದ ಗಾತ್ರ, ಇವು ಯಾವುವೂ ಟಿ ಕೋಶಕ್ಕೆ ತಿಳಿಯುವುದಿಲ್ಲ. ಅದಕ್ಕೆ ಎಟುಕುವುದು ಕೋಶದ ಹೊರಮೈಯಲ್ಲಿ ಎಂಎಚ್‌ಸಿ ಎಂಬ ಪ್ರೋಟೀನು ಹಿಡಿದು ತೋರಿಸುವ ಪೆಪ್ಟೈಡ್, ಅಂದರೆ ಪ್ರೋಟೀನಿನ ಚಿಕ್ಕ ತುಣುಕು ಮಾತ್ರ. ಕೋಶಕೇಂದ್ರವುಳ್ಳ ಬಹುತೇಕ ಎಲ್ಲ ಕೋಶಗಳೂ ತಮ್ಮೊಳಗೆ ತಯಾರಾದ ಪ್ರೋಟೀನುಗಳ ಒಂದು ಪಾಲನ್ನು ಪ್ರೋಟಿಯಸೋಮ್ ಎಂಬ ಯಂತ್ರಾಂಗದಲ್ಲಿ ಸದಾ ಕತ್ತರಿಸುತ್ತಿರುತ್ತವೆ. ಆ ಚೂರುಗಳಲ್ಲಿ ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳಷ್ಟು ಉದ್ದವಿರುವ ಕೆಲವು, ಒಂದನೆಯ ವರ್ಗದ ಎಂಎಚ್‌ಸಿಯ ತೋಡಿನಲ್ಲಿ ಕುಳಿತು ಹೊರಮೈಗೆ ಬರುತ್ತವೆ. ಕೋಶದ ಒಳಗೆ ಏನು ತಯಾರಾಗುತ್ತಿದೆ ಎಂಬುದರ ಮಾದರಿಗಳು ಹೀಗೆ ಹೊರಗಿನವರ ತಪಾಸಣೆಗೆ ಸಿಗುತ್ತವೆ. ಟಿ ಕೋಶವು ಪೆಪ್ಟೈಡನ್ನೂ ಅದನ್ನು ಹಿಡಿದಿರುವ ಎಂಎಚ್‌ಸಿಯನ್ನೂ ಜೊತೆಯಾಗಿಯೇ ಗುರುತಿಸುತ್ತದೆ ಎಂಬುದರ ಅಡಿಪಾಯವನ್ನು 1974ರಲ್ಲಿ ರಾಲ್ಫ್ ಝಿಂಕರ್‌ನಾಗೆಲ್ ಮತ್ತು ಪೀಟರ್ ಡೋಹರ್ಟಿ ವೈರಸ್ ಸೋಂಕಿನ ಇಲಿಗಳಲ್ಲಿ ಹಾಕಿದರು. ಅದಕ್ಕಾಗಿ 1996ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು, ಕ್ಯಾನ್ಸರ್ ಕೋಶದ ಮೈಮೇಲೆ ಹೊಸದಾಗಿ ಕಾಣುವಂಥದ್ದು ಏನಿರುತ್ತದೆ ಎಂಬ ಮಾತು. ಗರ್ಭಕಂಠದ ಕ್ಯಾನ್ಸರಿನಲ್ಲಿ ಎಚ್‌ಪಿವಿ ವೈರಸ್ಸಿನ ಪ್ರೋಟೀನುಗಳೇ ಇರುತ್ತವೆ; ಅವು ನಿಜಕ್ಕೂ ಪರಕೀಯ. ಕೆಲವು ಗಡ್ಡೆಗಳು ವೃಷಣದ ಬೀಜಕೋಶಗಳಲ್ಲಿ ಮಾತ್ರ ಕೆಲಸ ಮಾಡಬೇಕಾದ ವಂಶವಾಹಿಗಳನ್ನು ಅಕಾಲದಲ್ಲಿ ಎಚ್ಚರಿಸಿಕೊಂಡಿರುತ್ತವೆ. ಥಿಯೆರಿ ಬೂನ್ ಅವರ ತಂಡ 1991ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ರೋಗಿಯೊಬ್ಬರಲ್ಲಿ ಪತ್ತೆಹಚ್ಚಿದ ಮೇಜ್ ಎಂಬ ಪ್ರತಿಜನಕ (ರೋಗನಿರೋಧಕ ಕೋಶಗಳು ಗುರುತಿಸಬಲ್ಲ ವಸ್ತು) ಈ ಬಗೆಯದು. ಮನುಷ್ಯನ ಟಿ ಕೋಶಗಳು ಗುರುತಿಸುವ ಗಡ್ಡೆಯ ಪ್ರತಿಜನಕವೊಂದರ ವಂಶವಾಹಿ ಸಿಕ್ಕಿದ್ದು ಅದೇ ಮೊದಲು. ಆದರೆ ಇಂದು ಹೆಚ್ಚು ಗಮನ ಸೆಳೆದಿರುವುದು ಮ್ಯುಟೇಶನ್‌ಗಳಿಂದ ಹುಟ್ಟುವ ನವಪ್ರತಿಜನಕಗಳು. ವಂಶವಾಹಿಯಲ್ಲಿ ಒಂದಕ್ಷರ ಬದಲಾಗಿ, ಅದರಿಂದ ಪ್ರೋಟೀನಿನಲ್ಲಿ ಒಂದು ಅಮೈನೋ ಆಮ್ಲ ಬದಲಾದರೆ, ಆ ಪೆಪ್ಟೈಡ್ ದೇಹಕ್ಕೆ ಹಿಂದೆಂದೂ ಕಾಣದ್ದಾಗುತ್ತದೆ.

ಹಾಗೆಂದು ಪ್ರತಿ ಮ್ಯುಟೇಶನ್ ಕೂಡ ಕಾಣಿಸುತ್ತದೆ ಎಂದುಕೊಳ್ಳಬಾರದು. ಬದಲಾದ ವಂಶವಾಹಿಯಿಂದ ಆ ಕೋಶ ಪ್ರೋಟೀನನ್ನು ತಯಾರಿಸುತ್ತಿರಬೇಕು; ಪ್ರೋಟಿಯಸೋಮ್ ಅದನ್ನು ಸರಿಯಾದ ಜಾಗದಲ್ಲೇ ಕತ್ತರಿಸಬೇಕು; ಆ ತುಣುಕು ಆ ವ್ಯಕ್ತಿಯ ಎಂಎಚ್‌ಸಿ ತೋಡಿಗೆ ಹೊಂದಬೇಕು; ಕೊನೆಗೆ, ಅದಕ್ಕೆ ತಾಳೆಯಾಗುವ ಗ್ರಾಹಿ, ಅಂದರೆ ಹೊರಮೈಯಲ್ಲಿ ಅದನ್ನು ಹಿಡಿಯುವ ಪ್ರೋಟೀನು, ಉಳ್ಳ ಟಿ ಕೋಶವೊಂದು ಆ ದೇಹದಲ್ಲಿ ಇರಬೇಕು. ಎಂಎಚ್‌ಸಿ ವಂಶವಾಹಿಗಳು ಮನುಷ್ಯರಿಂದ ಮನುಷ್ಯರಿಗೆ ಬಹಳ ಬದಲಾಗುವುದರಿಂದ ಒಂದೇ ಮ್ಯುಟೇಶನ್ ಒಬ್ಬರಲ್ಲಿ ಕಂಡು ಮತ್ತೊಬ್ಬರಲ್ಲಿ ಕಾಣದೇ ಹೋಗಬಹುದು. ಅತಿನೇರಳೆ ಕಿರಣದಿಂದ ಹುಟ್ಟಿದ ಮೆಲನೋಮದಲ್ಲಿ ಪ್ರೋಟೀನುಗಳನ್ನು ಬದಲಿಸುವ ಮ್ಯುಟೇಶನ್‌ಗಳು ಹಲವು ನೂರು ಇರಬಹುದು. ಅವುಗಳಲ್ಲಿ ಟಿ ಕೋಶಗಳು ವಾಸ್ತವವಾಗಿ ಗುರುತಿಸುವುದು ಬೆರಳೆಣಿಕೆಯಷ್ಟನ್ನು. ಮಕ್ಕಳಲ್ಲಿ ಬರುವ ಅನೇಕ ಕ್ಯಾನ್ಸರ್‌ಗಳಲ್ಲಿ ಮ್ಯುಟೇಶನ್‌ಗಳೇ ಕಡಿಮೆ, ಹಾಗಾಗಿ ಅಲ್ಲಿ ಕಾಣಿಸುವಂಥದ್ದೂ ಕಡಿಮೆ.

"ನಮ್ಮದೇ ಕೋಶ, ಆದ್ದರಿಂದ ಕಾಣುವುದಿಲ್ಲ" ಎಂಬ ಮಾತಿನಲ್ಲಿ ಸತ್ಯವಿರುವುದು ಎಲ್ಲಿ ಎಂದರೆ, ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯಲ್ಲಿ. ದೇಹದ ಸ್ವಂತ ಪೆಪ್ಟೈಡ್‌ಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುವ ಎಳೆಯ ಟಿ ಕೋಶಗಳಲ್ಲಿ ಹೆಚ್ಚಿನವು ಅಲ್ಲಿಯೇ ನಾಶವಾಗುತ್ತವೆ. ಆದ್ದರಿಂದ ಕ್ಯಾನ್ಸರ್ ಕೋಶದಲ್ಲಿ ಬದಲಾಗದೆ ಉಳಿದ ಬಹುಪಾಲು ಪ್ರೋಟೀನುಗಳ ವಿರುದ್ಧ ನಮ್ಮ ಬಳಿ ಬಲವಾದ ಟಿ ಕೋಶಗಳೇ ಇರುವುದಿಲ್ಲ.

ಅರೆಕಲಿತೆ:

ಹಾಗಾದರೆ ಕ್ಯಾನ್ಸರ್ ಕೋಶಕ್ಕೆ ತಪ್ಪಿಸಿಕೊಳ್ಳುವ ದಾರಿ ತುಂಬಾ ಸುಲಭವಾಗಿದೆಯಲ್ಲ? ಎಂಎಚ್‌ಸಿಯನ್ನೇ ಹೊರಮೈಯಿಂದ ತೆಗೆದುಬಿಟ್ಟರೆ ಟಿ ಕೋಶಕ್ಕೆ ನೋಡಲು ಏನೂ ಉಳಿಯುವುದಿಲ್ಲ.

ಟಿ ಕೋಶದ ಬೆನ್ನುಹತ್ತಿದವ:

ಹಲವು ಗಡ್ಡೆಗಳು ಮಾಡುವುದು ಅದನ್ನೇ. ಆದರೆ ಆ ದಾರಿಯನ್ನು ಕಾಯುವ ಇನ್ನೊಂದು ಬಗೆಯ ಕೋಶವಿದೆ. ಸ್ವೀಡನ್ನಿನ ಕ್ಲಾಸ್ ಶೆರೆ ಮತ್ತು ಸಂಗಡಿಗರು 1986ರಲ್ಲಿ, ಎಂಎಚ್‌ಸಿ ಕಳೆದುಕೊಂಡ ಲಿಂಫೋಮ ಎಂಬ ಕ್ಯಾನ್ಸರಿನ ಕೋಶಗಳನ್ನು ಇಲಿಗಳಿಗೆ ಚುಚ್ಚಿ ನೋಡಿದರು. ಎಂಎಚ್‌ಸಿ ಇದ್ದ ಕೋಶಗಳು ಬೆಳೆದವು, ಕಳೆದುಕೊಂಡವು ತಿರಸ್ಕೃತವಾದವು. ತಿರಸ್ಕರಿಸಿದ್ದು ಎನ್‌ಕೆ ಕೋಶಗಳು, ಅಂದರೆ ಸಹಜ ಮಾರಕ ಕೋಶಗಳು. ಇವು ಪರಕೀಯವಾದದ್ದನ್ನು ಹುಡುಕುವುದಕ್ಕಿಂತ ಹೆಚ್ಚಾಗಿ, ಇರಬೇಕಾದ ಸ್ವಂತದ ಗುರುತು ಇದೆಯೇ ಎಂದು ನೋಡುತ್ತವೆ. ಎಂಎಚ್‌ಸಿಯನ್ನು ಮುಟ್ಟಿದಾಗ ಅವುಗಳ ಮೇಲಿನ ತಡೆಗ್ರಾಹಿಗಳು ಕೆಲಸ ಮಾಡಿ ಕೋಶವನ್ನು ಸುಮ್ಮನಿರಿಸುತ್ತವೆ. ಎಂಎಚ್‌ಸಿ ಇಲ್ಲದಿದ್ದರೆ ಆ ತಡೆ ಇಲ್ಲವಾಗುತ್ತದೆ.

ತಡೆ ಇಲ್ಲದಿರುವುದಷ್ಟೇ ಸಾಕಾಗುವುದಿಲ್ಲ, ಪ್ರಚೋದನೆಯೂ ಬೇಕು. ಡಿಎನ್‌ಎ ಹಾನಿಗೆ ಒಳಗಾಗಿ ಬಳಲುತ್ತಿರುವ ಕೋಶಗಳು ಮೈಕಾ, ಮೈಕ್‌ಬಿ ಎಂಬ ಪ್ರೋಟೀನುಗಳನ್ನು ಹೊರಮೈಯಲ್ಲಿ ಹೊತ್ತುಕೊಳ್ಳುತ್ತವೆ, ಎನ್‌ಕೆ ಕೋಶದ ಎನ್‌ಕೆಜಿ2ಡಿ ಎಂಬ ಗ್ರಾಹಿ ಅವನ್ನು ಹಿಡಿಯುತ್ತದೆ. ಗಡ್ಡೆ ಇದಕ್ಕೂ ಉಪಾಯ ಕಂಡುಕೊಂಡಿದೆ: ಅವನ್ನು ತನ್ನ ಮೈಯಿಂದ ಕತ್ತರಿಸಿ ಸುತ್ತಲಿನ ದ್ರವಕ್ಕೆ ಚೆಲ್ಲಿಬಿಡುತ್ತದೆ. ಆಗ ಹಿಡಿಯಬೇಕಾದ ಗ್ರಾಹಿಗಳು ಹರಿದಾಡುವ ಚೂರುಗಳನ್ನೇ ಹಿಡಿದು ಮಂಕಾಗುತ್ತವೆ.

ಎಂಎಚ್‌ಸಿ ಮರೆಮಾಚುವಿಕೆಯ ವಿಚಿತ್ರವಾದ ಉದಾಹರಣೆಯೊಂದು ಟಾಸ್ಮೇನಿಯನ್ ಡೆವಿಲ್ ಎಂಬ ಪ್ರಾಣಿಯ ಮುಖದ ಗಡ್ಡೆ. 1996ರಲ್ಲಿ ಮೊದಲು ಗಮನಕ್ಕೆ ಬಂದ ಈ ಕ್ಯಾನ್ಸರ್, ಪ್ರಾಣಿಗಳು ಒಂದನ್ನೊಂದು ಕಚ್ಚುವಾಗ ಜೀವಂತ ಕೋಶಗಳಾಗಿಯೇ ದಾಟಿಕೊಳ್ಳುತ್ತದೆ. ಬೇರೊಂದು ಪ್ರಾಣಿಯ ಕೋಶ ಬಂದು ನೆಲೆಸಿದರೆ ಕಸಿಯ ಅಂಗದಂತೆ ತಿರಸ್ಕೃತವಾಗಬೇಕಿತ್ತು, ಆಗುತ್ತಿಲ್ಲ. ಆ ಕೋಶಗಳ ಮೈಮೇಲೆ ಎಂಎಚ್‌ಸಿ ಕಾಣಿಸುವುದಿಲ್ಲ ಎಂದು 2013ರಲ್ಲಿ ತಿಳಿದುಬಂತು. ಗಮನಿಸಬೇಕಾದ ಅಂಶವೆಂದರೆ ಎಂಎಚ್‌ಸಿ ವಂಶವಾಹಿಗಳು ನಾಶವಾಗಿಲ್ಲ, ಅವಕ್ಕೆ ಬೀಗ ಬಿದ್ದಿದೆ ಅಷ್ಟೆ. ಪ್ರಯೋಗಾಲಯದಲ್ಲಿ ಇಂಟರ್‌ಫೆರಾನ್ ಗಾಮಾ ಎಂಬ, ರೋಗನಿರೋಧಕ ಕೋಶಗಳು ಹೊರಸೂಸುವ ಸಂಕೇತ ಪ್ರೋಟೀನನ್ನು ಸೇರಿಸಿದರೆ ಎಂಎಚ್‌ಸಿ ಮತ್ತೆ ಹೊರಮೈಗೆ ಬರುತ್ತದೆ. ಸಿದ್ಧಾಂತದ ಪ್ರಕಾರ ಎನ್‌ಕೆ ಕೋಶಗಳು ಇಂಥ ಗಡ್ಡೆಯನ್ನು ಹಿಡಿಯಬೇಕು, ಆದರೆ ರೋಗ ಹರಡುತ್ತಲೇ ಹೋಗಿದೆ. ಮೈಮೇಲೆ ಎಂಎಚ್‌ಸಿ ಇಲ್ಲ ಎಂದಮಾತ್ರಕ್ಕೆ ಎನ್‌ಕೆ ಕೋಶ ಬಂದು ಕೊಂದೇಬಿಡುತ್ತದೆ ಎನ್ನಲಾಗದು.

ಸಂಶಯವಾದಿ:

ಬರವಣಿಗೆ ಚೆನ್ನಾಗಿದೆ, ಆದರೆ ಒಂದು ವಿಷಯವನ್ನು ಪರೀಕ್ಷಿಸದೆ ಒಪ್ಪಿಕೊಂಡಂತಿದೆ. ರೋಗನಿರೋಧಕ ವ್ಯವಸ್ಥೆ ಕ್ಯಾನ್ಸರಿನ ಮೇಲೆ ಕಣ್ಣಿಟ್ಟಿರುತ್ತದೆ ಎಂದು 1909ರಲ್ಲಿ ಪಾಲ್ ಎರ್ಲಿಕ್ ಊಹಿಸಿದರು; 1950ರ ದಶಕದಲ್ಲಿ ಮ್ಯಾಕ್‌ಫಾರ್ಲೇನ್ ಬರ್ನೆಟ್ ಮತ್ತು ಲೂಯಿಸ್ ಥಾಮಸ್ ಅದನ್ನು ಸಿದ್ಧಾಂತವಾಗಿಸಿದರು. ಆದರೆ 1970ರ ದಶಕದಲ್ಲಿ ಓಸಿಯಾಸ್ ಸ್ಟುಟ್‌ಮನ್ ಅವರು ಥೈಮಸ್ ಇಲ್ಲದ ಬೋಳು ಇಲಿಗಳಿಗೆ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನು ಚುಚ್ಚಿದಾಗ, ಸಾಮಾನ್ಯ ಇಲಿಗಳಿಗಿಂತ ಹೆಚ್ಚಿನ ಗಡ್ಡೆಗಳು ಅವುಗಳಲ್ಲಿ ಬರಲಿಲ್ಲ. ಟಿ ಕೋಶಗಳು ಕಾವಲು ಕಾಯುತ್ತಿದ್ದುದು ನಿಜವಾಗಿದ್ದರೆ ಆ ಇಲಿಗಳ ಮೈತುಂಬ ಗಡ್ಡೆಗಳಿರಬೇಕಿತ್ತು.

ಎರಡನೆಯದಾಗಿ, ಏಡ್ಸ್ ರೋಗಿಗಳಲ್ಲಿ ಹೆಚ್ಚುವ ಕ್ಯಾನ್ಸರ್‌ಗಳ ಪಟ್ಟಿಯನ್ನು ನೋಡಿ. ಕಪೋಸಿ ಸಾರ್ಕೋಮ, ಕೆಲವು ಲಿಂಫೋಮಗಳು, ಗರ್ಭಕಂಠದ ಕ್ಯಾನ್ಸರ್, ಇವುಗಳ ಹಿಂದೆ ಬಹುಮಟ್ಟಿಗೆ ವೈರಸ್‌ಗಳಿವೆ. ರೋಗನಿರೋಧಕ ಶಕ್ತಿ ಕುಗ್ಗಿದಾಗ ವೈರಸ್ ಹೆಚ್ಚುತ್ತದೆ, ವೈರಸ್ಸಿನಿಂದ ಕ್ಯಾನ್ಸರ್ ಬರುತ್ತದೆ. ಇದರಿಂದ ಗಡ್ಡೆಯ ಮೇಲೆ ನೇರ ಕಾವಲಿದೆ ಎಂದು ಹೇಗೆ ಸಾಧಿಸುತ್ತೀರಿ?

ಟಿ ಕೋಶದ ಬೆನ್ನುಹತ್ತಿದವ:

ನ್ಯಾಯವಾದ ಆಕ್ಷೇಪಣೆ. ಇದೇ ಕಾರಣಕ್ಕೆ ಸುಮಾರು ಎರಡು ದಶಕಗಳ ಕಾಲ ಆ ಸಿದ್ಧಾಂತವನ್ನು ಹೆಚ್ಚಿನವರು ಬದಿಗಿಟ್ಟಿದ್ದರು.

ಬೋಳು ಇಲಿಗಳ ಪ್ರಯೋಗದಲ್ಲಿ ಆಗ ಯಾರಿಗೂ ತಿಳಿದಿರದ ತೊಡಕುಗಳಿದ್ದವು. ಆ ಇಲಿಗಳಲ್ಲಿ ಎನ್‌ಕೆ ಕೋಶಗಳು ಸಾಕಷ್ಟಿದ್ದವು, ಟಿ ಕೋಶಗಳೂ ಪೂರ್ತಿ ಇಲ್ಲದಿರಲಿಲ್ಲ. ಜೊತೆಗೆ ಬಳಸಿದ ತಳಿಯ ಇಲಿಗಳು ಆ ರಾಸಾಯನಿಕವನ್ನು ಅದರ ಅಪಾಯಕಾರಿ ರೂಪಕ್ಕೆ ಬಹಳ ಸುಲಭವಾಗಿ ಪರಿವರ್ತಿಸುತ್ತಿದ್ದವು. ಹಾನಿ ಅಷ್ಟು ತೀವ್ರವಾದಾಗ ಕಾವಲಿನ ವ್ಯತ್ಯಾಸ ಕಾಣುವುದು ಕಷ್ಟ. 2001ರಲ್ಲಿ ರಾಬರ್ಟ್ ಶ್ರೈಬರ್ ಅವರ ತಂಡ, ಟಿ ಕೋಶಗಳೂ ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳೂ ಹುಟ್ಟಲಾಗದಂತೆ ರ‍್ಯಾಗ್2 ವಂಶವಾಹಿಯನ್ನು ತೆಗೆದ ಇಲಿಗಳಲ್ಲಿ ಅದೇ ಬಗೆಯ ಪ್ರಯೋಗವನ್ನು ಮಾಡಿತು. ಆ ಇಲಿಗಳಲ್ಲಿ ಗಡ್ಡೆಗಳು ಹೆಚ್ಚಾಗಿಯೂ ಬೇಗನೆಯೂ ಬಂದವು.

ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅದೇ ಪ್ರಯೋಗದ ಎರಡನೆಯ ಭಾಗ. ಸಾಮಾನ್ಯ ಇಲಿಗಳಲ್ಲಿ ಹುಟ್ಟಿದ ಗಡ್ಡೆಗಳನ್ನು ತೆಗೆದು ಬೇರೆ ಸಾಮಾನ್ಯ ಇಲಿಗಳಿಗೆ ಹಾಕಿದಾಗ ಅವೆಲ್ಲ ಬೆಳೆದವು. ರೋಗನಿರೋಧಕ ಕೋಶಗಳಿಲ್ಲದ ಇಲಿಗಳಲ್ಲಿ ಹುಟ್ಟಿದ ಗಡ್ಡೆಗಳನ್ನು ಅದೇ ರೀತಿ ಸಾಮಾನ್ಯ ಇಲಿಗಳಿಗೆ ಹಾಕಿದಾಗ, ಅವುಗಳಲ್ಲಿ ಸುಮಾರು ಶೇಕಡ 40ರಷ್ಟು ತಿರಸ್ಕೃತವಾದವು. ಎಂದೂ ಕಾವಲನ್ನು ಎದುರಿಸದ ಗಡ್ಡೆ ಸುಲಭವಾಗಿ ಸಿಕ್ಕಿಬೀಳುತ್ತದೆ. ಕಾವಲಿನ ನಡುವೆಯೇ ಬೆಳೆದ ಗಡ್ಡೆ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಸಿಕ್ಕಿಬೀಳಬಹುದಾಗಿದ್ದ ಅದರ ಕೋಶಗಳು ಮೊದಲೇ ಸತ್ತುಹೋಗಿವೆ. ಪ್ರಶ್ನಾರ್ಥಕ ಅವರ ಮೂಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಯೇ ಇದೆ: ವೈದ್ಯರ ಕಣ್ಣಿಗೆ ಬೀಳುವ ಗಡ್ಡೆ ಎಂದರೆ ರೋಗನಿರೋಧಕ ಕೋಶಗಳು ಈಗಾಗಲೇ ಜರಡಿ ಹಿಡಿದು ಉಳಿಸಿದ ಶೇಷ. ಗಡ್ಡೆ ಇದೆ ಎಂಬುದರಿಂದಲೇ ಅದು ಎಂದೂ ಕಾಣಿಸಿರಲಿಲ್ಲ ಎಂದು ಹೇಳಲಾಗುವುದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, ವೈರಸ್ ಕುರಿತ ನಿಮ್ಮ ಮಾತು ಏಡ್ಸ್‌ನ ಮಟ್ಟಿಗೆ ಬಹುಪಾಲು ಸರಿ. ಆದರೆ ಮೂತ್ರಪಿಂಡ ಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರಲ್ಲಿ ಚರ್ಮದ ಸ್ಕ್ವೇಮಸ್ ಕೋಶ ಕ್ಯಾನ್ಸರ್ ಹತ್ತಾರು ಪಟ್ಟು ಹೆಚ್ಚುತ್ತದೆ, ಅದರಲ್ಲಿ ಬಿಸಿಲಿನ ಹಾನಿಯ ಪಾತ್ರ ದೊಡ್ಡದು. ಇನ್ನೂ ಸ್ಪಷ್ಟವಾದ ಪ್ರಕರಣ 2003ರಲ್ಲಿ ವರದಿಯಾಯಿತು. ಹದಿನಾರು ವರ್ಷಗಳ ಹಿಂದೆ ಮೆಲನೋಮಕ್ಕೆ ಚಿಕಿತ್ಸೆ ಪಡೆದು ಗುಣಮುಖರಾಗಿದ್ದಾರೆಂದು ಭಾವಿಸಲಾಗಿದ್ದ ದಾನಿಯೊಬ್ಬರ ಮೂತ್ರಪಿಂಡಗಳನ್ನು ಇಬ್ಬರಿಗೆ ಕಸಿ ಮಾಡಲಾಗಿತ್ತು. ಇಬ್ಬರಿಗೂ ಆ ದಾನಿಯ ಕೋಶಗಳಿಂದಲೇ ಮೆಲನೋಮ ಬಂತು. ಅಷ್ಟು ವರ್ಷ ದಾನಿಯ ದೇಹದಲ್ಲಿ ಅಡಗಿ ಕುಳಿತಿದ್ದ ಕೋಶಗಳು, ರೋಗನಿರೋಧಕ ಶಕ್ತಿ ತಗ್ಗಿದ್ದ ದೇಹ ಸಿಕ್ಕೊಡನೆ ತಲೆಯೆತ್ತಿದವು. ಕೊಲ್ಲಲೂ ಆಗದೆ ಬೆಳೆಯಲೂ ಬಿಡದೆ ಹಿಡಿದಿಟ್ಟುಕೊಳ್ಳುವ ಇಂಥ ಸಮತೋಲನದ ಹಂತವನ್ನು 2007ರಲ್ಲಿ ಇಲಿಗಳಲ್ಲಿ ನೇರವಾಗಿಯೇ ತೋರಿಸಲಾಯಿತು.

ಸೂಕ್ಷ್ಮದರ್ಶಿ:

ಗಡ್ಡೆಗಳ ಸ್ಲೈಡುಗಳನ್ನು ದಿನವೂ ನೋಡುವ ರೋಗಶಾಸ್ತ್ರಜ್ಞೆಯಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ಚರ್ಚೆಯಾಗುತ್ತಿರುವ ಹೋರಾಟ ಸೂಕ್ಷ್ಮದರ್ಶಕದಡಿ ಕಣ್ಣಿಗೇ ಕಾಣುತ್ತದೆ.

ದೊಡ್ಡ ಕರುಳಿನ ಗಡ್ಡೆಯೊಂದರ ತೆಳು ಪದರಕ್ಕೆ ಸಾಮಾನ್ಯ ಬಣ್ಣ ಹಾಕಿದಾಗ, ಗುಲಾಬಿ ಹಿನ್ನೆಲೆಯಲ್ಲಿ ಕ್ಯಾನ್ಸರ್ ಕೋಶಗಳು ಅಂಕುಡೊಂಕಾದ ಗ್ರಂಥಿಗಳಾಗಿ ನಿಂತಿರುತ್ತವೆ. ಅವುಗಳ ನಡುವೆ ಕಡುನೀಲಿಯ, ಸಾಸಿವೆ ಕಾಳಿನಂಥ ಚಿಕ್ಕ ದುಂಡು ಚುಕ್ಕೆಗಳು ಲಿಂಫೋಸೈಟ್‌ಗಳು, ಅಂದರೆ ಟಿ ಕೋಶಗಳೂ ಸೇರಿರುವ ರೋಗನಿರೋಧಕ ಕೋಶಗಳು. ಅವುಗಳಲ್ಲಿ ಕೋಶರಸ ಎಷ್ಟು ಕಡಿಮೆಯೆಂದರೆ ಕೋಶಕೇಂದ್ರವಷ್ಟೇ ಕಾಣುತ್ತದೆ. ಕೆಲವು ಗಡ್ಡೆಗಳಲ್ಲಿ ಈ ಚುಕ್ಕೆಗಳು ಕ್ಯಾನ್ಸರ್ ಗ್ರಂಥಿಗಳ ಒಳಕ್ಕೇ ನುಗ್ಗಿ, ಎರಡು ಕ್ಯಾನ್ಸರ್ ಕೋಶಗಳ ಸಂದಿಯಲ್ಲಿ ಅದುಮಿಕೊಂಡು ಕುಳಿತಿರುತ್ತವೆ, ಪಕ್ಕದಲ್ಲಿ ಕುಗ್ಗಿ ಒಡೆದ ಕೋಶಗಳ ಅವಶೇಷವೂ ಸಿಗುತ್ತದೆ. ಇನ್ನು ಕೆಲವು ಗಡ್ಡೆಗಳಲ್ಲಿ ಅವು ಅಂಚಿನವರೆಗೆ ಬಂದು ನಾರಿನ ಪಟ್ಟಿಯ ಹೊರಗೇ ಸಾಲುಗಟ್ಟಿ ನಿಲ್ಲುತ್ತವೆ, ಒಳಗೆ ಒಂದೂ ಇರುವುದಿಲ್ಲ. ಮತ್ತೆ ಕೆಲವು ಗಡ್ಡೆಗಳಲ್ಲಿ ಎಷ್ಟು ಹುಡುಕಿದರೂ ಚುಕ್ಕೆಗಳೇ ಸಿಗುವುದಿಲ್ಲ. ಜೆರೋಮ್ ಗ್ಯಾಲೋನ್ ಅವರ ತಂಡ 2006ರಲ್ಲಿ, ಕರುಳಿನ ಗಡ್ಡೆಯ ನಡುಭಾಗ ಮತ್ತು ಅಂಚುಗಳಲ್ಲಿ ಟಿ ಕೋಶಗಳನ್ನು ಎಣಿಸಿ, ಅವು ಹೆಚ್ಚಾಗಿದ್ದ ರೋಗಿಗಳು ಹೆಚ್ಚು ಕಾಲ ಬದುಕುತ್ತಾರೆ ಎಂದು ತೋರಿಸಿತು.

ಗಡ್ಡೆ ಕಾಣಿಸಲಿಲ್ಲ ಎಂದು ನಾವು ಒಟ್ಟಾಗಿ ಹೇಳಿಬಿಡುವ ಸ್ಥಿತಿಯಲ್ಲಿ ಇಷ್ಟು ಭಿನ್ನ ಸಂಗತಿಗಳು ಅಡಗಿವೆ. ಅಂಚಿನಲ್ಲಿ ತಡೆದು ನಿಂತ ಟಿ ಕೋಶಕ್ಕೂ, ಹುಟ್ಟಿಯೇ ಇಲ್ಲದ ಟಿ ಕೋಶಕ್ಕೂ ಒಂದೇ ಚಿಕಿತ್ಸೆ ಕೆಲಸ ಮಾಡಲಾರದು.

ಅರೆಕಲಿತೆ:

ಹುಟ್ಟಿಯೇ ಇಲ್ಲದ ಟಿ ಕೋಶ ಎಂದರೆ ಏನು, ಸೂಕ್ಷ್ಮದರ್ಶಿ ಮೇಡಂ? ಟಿ ಕೋಶಗಳು ರಕ್ತದಲ್ಲಿ ಸದಾ ಸುತ್ತುತ್ತಿರುತ್ತವಲ್ಲ, ಗಡ್ಡೆಯನ್ನು ತಾವಾಗಿಯೇ ಎಡವಿ ಕಂಡುಕೊಳ್ಳುವುದಿಲ್ಲವೇ?

ಸೂಕ್ಷ್ಮದರ್ಶಿ:

ಇಲ್ಲ. ಒಂದು ನಿರ್ದಿಷ್ಟ ಪೆಪ್ಟೈಡನ್ನು ಗುರುತಿಸಬಲ್ಲ ಟಿ ಕೋಶ, ಇನ್ನೂ ಪ್ರಚೋದನೆಗೊಳ್ಳದ ಸ್ಥಿತಿಯಲ್ಲಿ, ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇರುತ್ತದೆ. ಅದು ಓಡಾಡುವುದು ಮುಖ್ಯವಾಗಿ ರಕ್ತ ಮತ್ತು ದುಗ್ಧಗ್ರಂಥಿಗಳ ನಡುವೆ. ಅಂಗಾಂಶಗಳೊಳಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಆದ್ದರಿಂದ ಗಡ್ಡೆಯ ಸುದ್ದಿ ದುಗ್ಧಗ್ರಂಥಿಗೆ ತಲುಪಬೇಕು, ಅದನ್ನು ತಲುಪಿಸುವುದು ಡೆಂಡ್ರಿಟಿಕ್ ಕೋಶ. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಅವರು ಝನ್‌ವಿಲ್ ಕೋನ್ ಅವರೊಡನೆ ಈ ಕೋಶವನ್ನು ವಿವರಿಸಿದರು.

ಗಡ್ಡೆಯಲ್ಲಿ ಸತ್ತ ಕೋಶಗಳ ತುಣುಕುಗಳನ್ನು ನುಂಗಿದ ಡೆಂಡ್ರಿಟಿಕ್ ಕೋಶ, ಅವುಗಳ ಪೆಪ್ಟೈಡ್‌ಗಳನ್ನು ತನ್ನದೇ ಎಂಎಚ್‌ಸಿ ಮೇಲೆ ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ಹೊತ್ತೊಯ್ದರಷ್ಟೇ ಸಾಲದು. ಟಿ ಕೋಶ ಎಚ್ಚರಗೊಳ್ಳಲು ಪೆಪ್ಟೈಡಿನ ಸಂಕೇತದ ಜೊತೆಗೆ, ಡೆಂಡ್ರಿಟಿಕ್ ಕೋಶದ ಮೇಲಿನ ಸಿಡಿ80, ಸಿಡಿ86 ಎಂಬ ಪ್ರೋಟೀನುಗಳು ಟಿ ಕೋಶದ ಸಿಡಿ28ನ್ನು ಮುಟ್ಟುವ ಎರಡನೆಯ ಸಂಕೇತವೂ ಬೇಕು. ಅದಿಲ್ಲದೆ ಪೆಪ್ಟೈಡನ್ನು ಮಾತ್ರ ಕಂಡ ಟಿ ಕೋಶ ಸುಮ್ಮನಾಗಿಬಿಡುತ್ತದೆ. ದೇಹದ ಸ್ವಂತ ಅಂಗಾಂಶಗಳ ಮೇಲೆ ಎರಗದಿರಲೆಂದು ಇರುವ ರಕ್ಷಣೆ ಇದು. ಸೋಂಕಿನಲ್ಲಿ ಬ್ಯಾಕ್ಟೀರಿಯಾ ಅಥವಾ ವೈರಸ್ಸಿನ ಅಂಶಗಳು ಡೆಂಡ್ರಿಟಿಕ್ ಕೋಶವನ್ನು ಎಚ್ಚರಿಸಿ ಎರಡನೆಯ ಸಂಕೇತ ಮೂಡುವಂತೆ ಮಾಡುತ್ತವೆ. ಗಡ್ಡೆಯಲ್ಲಿ ಅವು ಇರುವುದಿಲ್ಲ. ಸಾಯುತ್ತಿರುವ ಕೋಶಗಳಿಂದ ಸೋರಿದ ಡಿಎನ್‌ಎ ಸ್ಟಿಂಗ್ ಎಂಬ ಸಂಕೇತ ಮಾರ್ಗವನ್ನು ತಟ್ಟಿ, ಇಂಟರ್‌ಫೆರಾನ್ ಹೊರಡಿಸಿದರೆ ಮಾತ್ರ ಆ ಕೊರತೆ ಒಂದಿಷ್ಟು ತುಂಬುತ್ತದೆ. ಬೀಟಾ ಕೆಟೆನಿನ್ ಎಂಬ ಪ್ರೋಟೀನು ಅತಿಯಾಗಿ ಕೆಲಸ ಮಾಡುವ ಮೆಲನೋಮಗಳು ಡೆಂಡ್ರಿಟಿಕ್ ಕೋಶಗಳನ್ನು ಕರೆಯುವ ರಾಸಾಯನಿಕವನ್ನೇ ಹೊರಸೂಸುವುದಿಲ್ಲ ಎಂದು 2015ರಲ್ಲಿ ತಿಳಿಯಿತು. ನಾನು ಹೇಳಿದ ಚುಕ್ಕೆಗಳಿಲ್ಲದ ಗಡ್ಡೆಗಳಲ್ಲಿ ಕೆಲವು ಹೀಗೆ ಹುಟ್ಟುತ್ತವೆ.

ದುಗ್ಧಗ್ರಂಥಿಯಲ್ಲಿ ಎಚ್ಚೆತ್ತು, ಸಾವಿರಾರು ಪಟ್ಟು ಹೆಚ್ಚಿ ಗಡ್ಡೆಗೆ ಬಂದ ಕೊಲೆಗಾರ ಟಿ ಕೋಶದ ಕೆಲಸ ನೋಡುವಂಥದ್ದು. ತನ್ನ ಪೆಪ್ಟೈಡ್ ಕಂಡೊಡನೆ ಅದು ನಿಲ್ಲುತ್ತದೆ, ಎದುರಿನ ಕೋಶಕ್ಕೆ ಮೈಯನ್ನು ಚಪ್ಪಟೆಯಾಗಿ ಒತ್ತುತ್ತದೆ, ಒಳಗಿನ ವಿಷದ ಕಣಗಳನ್ನೆಲ್ಲ ಆ ಬದಿಗೆ ಸರಿಸಿಕೊಳ್ಳುತ್ತದೆ. ಆ ಕಣಗಳಿಂದ ಹೊರಬಂದ ಪರ್ಫೊರಿನ್ ಎದುರಿನ ಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತದೆ, ಆ ದಾರಿಯಲ್ಲಿ ಹೊಕ್ಕ ಗ್ರ್ಯಾನ್‌ಜೈಮ್‌ಗಳು ಕೋಶದೊಳಗಿನ ಆತ್ಮಹತ್ಯೆಯ ವ್ಯವಸ್ಥೆಯನ್ನು ಚಾಲೂ ಮಾಡುತ್ತವೆ. ಸುತ್ತಲಿನ ಕೋಶಗಳಿಗೆ ಹೆಚ್ಚು ಪೆಟ್ಟಾಗದಂತೆ ಇಷ್ಟೂ ನಡೆದುಹೋಗುತ್ತದೆ, ಟಿ ಕೋಶ ಬಿಡಿಸಿಕೊಂಡು ಮುಂದಿನದರ ಕಡೆಗೆ ಹೊರಡುತ್ತದೆ.

ಪ್ರಶ್ನಾರ್ಥಕ:

ಇಷ್ಟೆಲ್ಲ ಆಗಿ, ಟಿ ಕೋಶ ಗಡ್ಡೆಯ ಒಳಕ್ಕೂ ಬಂದಿದ್ದರೆ ಮತ್ತೆ ಅದನ್ನು ತಡೆಯುವುದು ಏನು? ಸೂಕ್ಷ್ಮದರ್ಶಿಯವರು ಹೇಳಿದ, ಒಳಕ್ಕೆ ನುಗ್ಗಿದ ಚುಕ್ಕೆಗಳಿರುವ ಗಡ್ಡೆಗಳೂ ಬೆಳೆಯುತ್ತವೆಯಲ್ಲ?

ಟಿ ಕೋಶದ ಬೆನ್ನುಹತ್ತಿದವ:

ಬೆಳೆಯುತ್ತವೆ, ಮತ್ತು ಅದರ ಕಾರಣ ಕೊಂಚ ವ್ಯಂಗ್ಯವಾಗಿದೆ. ಎಚ್ಚೆತ್ತ ಟಿ ಕೋಶ ಇಂಟರ್‌ಫೆರಾನ್ ಗಾಮಾವನ್ನು ಸುರಿಸುತ್ತದೆ. ಅದರಿಂದ ಗಡ್ಡೆಯ ಕೋಶಗಳ ಮೇಲೆ ಎಂಎಚ್‌ಸಿ ಹೆಚ್ಚುತ್ತದೆ, ಅಂದರೆ ಅವು ಇನ್ನಷ್ಟು ಚೆನ್ನಾಗಿ ಕಾಣತೊಡಗುತ್ತವೆ. ಅದೇ ಇಂಟರ್‌ಫೆರಾನಿನಿಂದ ಅವುಗಳ ಮೇಲೆ ಪಿಡಿ-ಎಲ್1 ಎಂಬ ಪ್ರೋಟೀನೂ ಏರುತ್ತದೆ. ಅದು ಟಿ ಕೋಶದ ಪಿಡಿ-1 ಗ್ರಾಹಿಯನ್ನು ಮುಟ್ಟಿದಾಗ ಟಿ ಕೋಶದ ಒಳಗಿನ ಸಂಕೇತಗಳು ತಗ್ಗುತ್ತವೆ. ದಾಳಿಯ ಫಲವಾಗಿಯೇ ದಾಳಿಯ ತಡೆ ಹುಟ್ಟಿತು. ಇದು ಗಡ್ಡೆ ಕಂಡುಹಿಡಿದ ಉಪಾಯವಲ್ಲ. ಸೋಂಕಿನ ಸಮಯದಲ್ಲಿ ಅಂಗಾಂಶಗಳು ತಮ್ಮನ್ನು ಉಳಿಸಿಕೊಳ್ಳಲು ಬಳಸುವ ಸಹಜ ವ್ಯವಸ್ಥೆಯನ್ನೇ ಗಡ್ಡೆ ಬಳಸಿಕೊಳ್ಳುತ್ತದೆ. ಪ್ರತಿಜನಕ ವಾರಗಟ್ಟಲೆ, ತಿಂಗಳುಗಟ್ಟಲೆ ಎದುರಿಗೇ ಇದ್ದರೆ ಟಿ ಕೋಶದ ವಂಶವಾಹಿಗಳ ನಿಯಂತ್ರಣವೇ ಬದಲಾಗಿ ಅದು ಬಳಲಿದ ಸ್ಥಿತಿಗೆ ಇಳಿಯುತ್ತದೆ; ಆಗ ತಡೆಯನ್ನು ತೆಗೆದರೂ ಅದು ಪೂರ್ತಿಯಾಗಿ ಚೇತರಿಸಿಕೊಳ್ಳುವುದಿಲ್ಲ.

ತಸುಕು ಹೋಂಜೋ ಅವರ ತಂಡ ಪಿಡಿ-1ನ್ನು ಗುರುತಿಸಿದ್ದು 1992ರಲ್ಲಿ. ಸಿಟಿಎಲ್‌ಎ-4 ಎಂಬ ಇನ್ನೊಂದು ತಡೆ ದುಗ್ಧಗ್ರಂಥಿಯ ಹಂತದಲ್ಲೇ ಕೆಲಸ ಮಾಡುತ್ತದೆ. ಸಿಡಿ28 ಹಿಡಿಯಬೇಕಾದ ಸಿಡಿ80, ಸಿಡಿ86ಗಳನ್ನು ಅದಕ್ಕಿಂತ ಬಿಗಿಯಾಗಿ ತಾನೇ ಹಿಡಿದುಕೊಂಡು ಎರಡನೆಯ ಸಂಕೇತವನ್ನು ಕಸಿಯುತ್ತದೆ. 1996ರಲ್ಲಿ ಜೇಮ್ಸ್ ಆಲಿಸನ್ ಅವರ ತಂಡ ಸಿಟಿಎಲ್‌ಎ-4ನ್ನು ಪ್ರತಿಕಾಯದಿಂದ ಮುಚ್ಚಿದಾಗ ಇಲಿಗಳ ಗಡ್ಡೆಗಳು ಕರಗಿದವು. ಅದರ ಮೇಲೆ ಕಟ್ಟಿದ ಇಪಿಲಿಮುಮ್ಯಾಬ್ ಔಷಧಕ್ಕೆ 2011ರಲ್ಲಿ, ಪಿಡಿ-1ನ್ನು ಮುಚ್ಚುವ ಪೆಂಬ್ರೋಲಿಜುಮ್ಯಾಬ್ ಮತ್ತು ನಿವೋಲುಮ್ಯಾಬ್‌ಗಳಿಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆಲಿಸನ್ ಮತ್ತು ಹೋಂಜೋ 2018ರ ನೊಬೆಲ್ ಹಂಚಿಕೊಂಡರು.

ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳೆಲ್ಲ ಗಡ್ಡೆಯ ವಿರೋಧಿಗಳು ಎಂದೂ ತಿಳಿಯಬಾರದು. ಟಿ ಕೋಶಗಳಲ್ಲಿಯೇ ನಿಯಂತ್ರಕ ವರ್ಗವೊಂದಿದೆ. ಶಿಮೊನ್ ಸಕಾಗುಚಿ 1995ರಲ್ಲಿ ಅದನ್ನು ಗುರುತಿಸಿದರು, ಆ ದಾರಿಯ ಸಂಶೋಧನೆಗೆ 2025ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ಅವರಿಗೂ ನೊಬೆಲ್ ಬಂತು. ಸ್ವಂತ ದೇಹದ ಮೇಲಿನ ದಾಳಿಯನ್ನು ತಡೆಯುವ ಈ ಕೋಶಗಳು ಗಡ್ಡೆಯಲ್ಲಿ ನೆರೆದರೆ ಗಡ್ಡೆಯ ಮೇಲಿನ ದಾಳಿಯನ್ನೂ ತಡೆಯುತ್ತವೆ. ಮ್ಯಾಕ್ರೋಫೇಜ್‌ಗಳದ್ದಂತೂ ಬೇಲಿಯೇ ಎದ್ದು ಹೊಲ ಮೇಯ್ದ ಕಥೆ: ಕ್ಯಾನ್ಸರ್ ಕೋಶಗಳನ್ನು ನುಂಗಬೇಕಾದ ಅವು ಗಡ್ಡೆಯ ಪ್ರಭಾವದಲ್ಲಿ ಹೊಸ ರಕ್ತನಾಳಗಳ ಬೆಳವಣಿಗೆಗೆ ನೆರವಾಗಿ, ಟಿ ಕೋಶಗಳನ್ನು ಹತ್ತಿಕ್ಕುತ್ತವೆ.

ಮನೆಯವರ ಪರವಾಗಿ:

ನಾನು ವಿಜ್ಞಾನದವನಲ್ಲ. ನಮ್ಮ ಮನೆಯವರೊಬ್ಬರಿಗೆ ಪಿಡಿ-1 ತಡೆಯುವ ಔಷಧ ಕೊಟ್ಟರು, ಗಡ್ಡೆ ಕುಗ್ಗಲಿಲ್ಲ. ಅವರ ರೋಗನಿರೋಧಕ ಶಕ್ತಿ ಕಡಿಮೆಯಿರುವುದೇ ಕಾರಣವಿರಬೇಕೆಂದು ಪರಿಚಿತರು ಹೇಳಿ, ಅದನ್ನು ಹೆಚ್ಚಿಸುವ ಪುಡಿಗಳನ್ನು ಸೂಚಿಸುತ್ತಿದ್ದಾರೆ. ಹಾಗೆ ಮಾಡಬಹುದೇ?

ಸೂಕ್ಷ್ಮದರ್ಶಿ:

ಅವರ ರೋಗನಿರೋಧಕ ಶಕ್ತಿ ಕಡಿಮೆಯೆಂದು ಇದರಿಂದ ತೀರ್ಮಾನಿಸಲು ಬರುವುದಿಲ್ಲ. ಆ ಔಷಧ ಮಾಡುವುದು ಒಂದೇ ಕೆಲಸ, ಪಿಡಿ-1ರ ತಡೆಯನ್ನು ತೆಗೆಯುವುದು. ಗಡ್ಡೆಯಲ್ಲಿ ಟಿ ಕೋಶಗಳೇ ಇಲ್ಲದಿದ್ದರೆ, ಇದ್ದರೂ ಅವಕ್ಕೆ ಕಾಣುವ ಪೆಪ್ಟೈಡ್ ಇಲ್ಲದಿದ್ದರೆ, ಅಥವಾ ತಡೆ ಬೇರೆಯದೇ ಆಗಿದ್ದರೆ, ರೋಗಿ ಎಷ್ಟೇ ಸದೃಢರಾಗಿದ್ದರೂ ಅದು ಫಲಿಸುವುದಿಲ್ಲ. ಡಿಎನ್‌ಎ ದುರಸ್ತಿಯ ಒಂದು ಬಗೆಯ ದೋಷದಿಂದ ಮ್ಯುಟೇಶನ್‌ಗಳು ವಿಪರೀತ ಹೆಚ್ಚಿದ ಗಡ್ಡೆಗಳಲ್ಲಿ ಇದೇ ಔಷಧ ಚೆನ್ನಾಗಿ ಕೆಲಸ ಮಾಡುತ್ತದೆ. ಗಡ್ಡೆ ಯಾವ ಅಂಗದ್ದೇ ಆಗಿರಲಿ, ಆ ದೋಷವಿದ್ದರೆ ಕೊಡಬಹುದೆಂದು 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿದೆ.

ಪುಡಿಗಳ ವಿಷಯದಲ್ಲಿ ಚಿಕಿತ್ಸೆ ನೀಡುತ್ತಿರುವ ವೈದ್ಯರಿಗೆ ತಿಳಿಸದೆ ಏನನ್ನೂ ಕೊಡಬೇಡಿ. ಈ ಔಷಧಗಳು ಟಿ ಕೋಶಗಳ ತಡೆಯನ್ನು ಇಡೀ ದೇಹದಲ್ಲಿ ಸಡಿಲಿಸುವುದರಿಂದ ಕರುಳು, ಥೈರಾಯ್ಡ್, ಶ್ವಾಸಕೋಶ, ಯಕೃತ್ತು, ಅಪರೂಪಕ್ಕೆ ಹೃದಯದ ಸ್ನಾಯುವಿನ ಮೇಲೂ ದಾಳಿಯಾಗಬಹುದು. ಹೊಸದಾಗಿ ಭೇದಿ, ಉಸಿರಾಟದ ತೊಂದರೆ ಅಥವಾ ಎದೆನೋವು ಕಂಡರೆ, ಔಷಧ ನಿಲ್ಲಿಸಿ ತಿಂಗಳುಗಳಾಗಿದ್ದರೂ ಸರಿ, ತಡಮಾಡದೆ ಹೇಳಿ.

ಅರೆಕಲಿತೆ:

ಕಾರ್-ಟಿ ಚಿಕಿತ್ಸೆ ಇದಕ್ಕಿಂತ ಹೇಗೆ ಬೇರೆ ಎಂದೂ ಯಾರಾದರೂ ಹೇಳಿದರೆ ಚರ್ಚೆ ಪೂರ್ತಿಯಾಗುತ್ತದೆ.

ಟಿ ಕೋಶದ ಬೆನ್ನುಹತ್ತಿದವ:

ಅದರಲ್ಲಿ ಗುರುತಿಸುವಿಕೆಯ ವಿಧಾನವನ್ನೇ ಬದಲಿಸಲಾಗಿದೆ. ರೋಗಿಯ ಟಿ ಕೋಶಗಳನ್ನು ಹೊರತೆಗೆದು, ಪ್ರತಿಕಾಯದ ಹಿಡಿಯುವ ತುದಿಯನ್ನು ಟಿ ಕೋಶದ ಸಂಕೇತ ಭಾಗಗಳಿಗೆ ಜೋಡಿಸಿದ ಕೃತಕ ಗ್ರಾಹಿಯೊಂದನ್ನು ಅವುಗಳಲ್ಲಿ ಮೂಡಿಸಿ ಮರಳಿ ಕೊಡುತ್ತಾರೆ. ಪ್ರತಿಕಾಯವು ಹೊರಮೈಯ ಪ್ರೋಟೀನನ್ನು ನೇರವಾಗಿ ಹಿಡಿಯುವುದರಿಂದ ಎಂಎಚ್‌ಸಿಯ ಅಗತ್ಯವೇ ಬೀಳುವುದಿಲ್ಲ. ಎರಡನೆಯ ಸಂಕೇತವನ್ನೂ ಅದೇ ಗ್ರಾಹಿಯಲ್ಲಿ ಸೇರಿಸಿರುತ್ತಾರೆ. 2017ರಲ್ಲಿ ಒಪ್ಪಿಗೆ ಪಡೆದ ಮೊದಲ ಚಿಕಿತ್ಸೆ ರಕ್ತದ ಬಿ ಕೋಶಗಳ ಕ್ಯಾನ್ಸರಿಗೆ, ಸಿಡಿ19 ಪ್ರೋಟೀನಿನ ಗುರಿಯಿಟ್ಟದ್ದು. ಸಿಡಿ19 ಆರೋಗ್ಯವಂತ ಬಿ ಕೋಶಗಳ ಮೇಲೂ ಇದೆ, ಅವೂ ಸಾಯುತ್ತವೆ. ಆದರೆ ಬಿ ಕೋಶಗಳಿಲ್ಲದೆ, ಬೇಕಾದಾಗ ಪ್ರತಿಕಾಯಗಳನ್ನು ಹೊರಗಿನಿಂದ ಪಡೆಯುತ್ತ ಬದುಕಬಹುದು. ಶ್ವಾಸಕೋಶದ ಅಥವಾ ಮೇದೋಜೀರಕಾಂಗದ ಗಡ್ಡೆಯಲ್ಲಿ ಇಂಥ ಗುರಿ ಸಿಗುವುದು ಕಷ್ಟ, ಏಕೆಂದರೆ ಹೊರಮೈಯ ಅದೇ ಪ್ರೋಟೀನು ಬಿಟ್ಟಿರಲಾಗದ ಅಂಗಗಳಲ್ಲೂ ಇರುತ್ತದೆ. ಇಲ್ಲಿಯೂ ಜರಡಿಯ ನಿಯಮ ತಪ್ಪಿಲ್ಲ: ಚಿಕಿತ್ಸೆಯ ನಂತರ ಮರಳುವ ಕೆಲವು ಲ್ಯುಕೇಮಿಯಾಗಳಲ್ಲಿ ಸಿಡಿ19 ಕಾಣೆಯಾಗಿರುತ್ತದೆ.

ಸಂಶಯವಾದಿ:

ಇಲಿಗಳ ಪ್ರಯೋಗದ ಮಟ್ಟಿಗೆ ನಿಮ್ಮ ವಾದವನ್ನು ಒಪ್ಪುತ್ತೇನೆ. ಸಿಡಿ19 ಉದಾಹರಣೆಯಲ್ಲಿ ಒತ್ತಡ ಹೇರಿದ್ದು ಮನುಷ್ಯ ನಿರ್ಮಿತ ಗ್ರಾಹಿ. ಚಿಕಿತ್ಸೆಯೇ ಇಲ್ಲದ ಮನುಷ್ಯನಲ್ಲಿ, ಅವನ ಸ್ವಂತ ಟಿ ಕೋಶಗಳು ಗಡ್ಡೆಯನ್ನು ಹೀಗೆ ಜರಡಿ ಹಿಡಿಯುತ್ತವೆ ಎಂಬುದಕ್ಕೆ ಗುರುತು ಸಿಕ್ಕಿದೆಯೇ?

ಟಿ ಕೋಶದ ಬೆನ್ನುಹತ್ತಿದವ:

ಚಿಕಿತ್ಸೆಯ ಒತ್ತಡದಲ್ಲಿ ಸಿಕ್ಕಿದ ಗುರುತನ್ನು ಮೊದಲು ಹೇಳಿಬಿಡುತ್ತೇನೆ. ಪೆಂಬ್ರೋಲಿಜುಮ್ಯಾಬ್‌ನಿಂದ ಕುಗ್ಗಿ, ಬಹುಕಾಲದ ನಂತರ ಮತ್ತೆ ಬೆಳೆದ ನಾಲ್ಕು ಮೆಲನೋಮಗಳನ್ನು 2016ರಲ್ಲಿ ಪರಿಶೀಲಿಸಿದಾಗ, ಎರಡರಲ್ಲಿ ಇಂಟರ್‌ಫೆರಾನಿನ ಸಂಕೇತವನ್ನು ಒಳಕ್ಕೆ ಒಯ್ಯುವ ಜ್ಯಾಕ್ ಕಿಣ್ವಗಳು ಕೆಟ್ಟಿದ್ದವು, ಒಂದರಲ್ಲಿ ಎಂಎಚ್‌ಸಿಯನ್ನು ಹೊರಮೈಯಲ್ಲಿ ನಿಲ್ಲಿಸುವ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಕೆಟ್ಟಿತ್ತು.

ನೀವು ಕೇಳಿದ್ದಕ್ಕೆ ಹತ್ತಿರದ ಗುರುತು ಶ್ವಾಸಕೋಶದ ಕ್ಯಾನ್ಸರಿನದು. ಆರಂಭದ ಹಂತದಲ್ಲೇ ಶಸ್ತ್ರಚಿಕಿತ್ಸೆಯಿಂದ ತೆಗೆದ ಗಡ್ಡೆಗಳನ್ನು ಬ್ರಿಟನ್ನಿನ ಟ್ರೇಸರ್‌ಎಕ್ಸ್ ಅಧ್ಯಯನ ಹಲವು ಭಾಗಗಳಾಗಿ ಕತ್ತರಿಸಿ, ಭಾಗಭಾಗದ ಡಿಎನ್‌ಎಯನ್ನು ಓದಿತು. 2017ರ ಅದರ ವರದಿಯಂತೆ, ಸಣ್ಣಕೋಶವಲ್ಲದ ಬಗೆಯ ಈ ಗಡ್ಡೆಗಳಲ್ಲಿ ಸುಮಾರು ಶೇಕಡ 40ರಷ್ಟು, ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದು ಪಾಲಿನ ಎಂಎಚ್‌ಸಿ ವಂಶವಾಹಿಗಳನ್ನು ಕಳೆದುಕೊಂಡಿದ್ದವು. ಎರಡೂ ಪಾಲು ಹೋಗಿದ್ದರೆ ಎನ್‌ಕೆ ಕೋಶಗಳ ಕಣ್ಣಿಗೆ ಬೀಳುವ ಅಪಾಯವಿತ್ತು. ಒಂದು ಪಾಲು ಉಳಿದಿದ್ದರಿಂದ ಆ ಅಪಾಯ ತಪ್ಪಿರಬಹುದು ಎಂಬುದು ನನ್ನ ಅಭಿಪ್ರಾಯ. ಈ ನಷ್ಟ ಎಷ್ಟೋ ಗಡ್ಡೆಗಳಲ್ಲಿ ಕೆಲವು ಕವಲುಗಳಿಗೆ (ಗಡ್ಡೆ ಬೆಳೆಯುವಾಗ ಬೇರೆಯಾದ ಕೋಶಗುಂಪುಗಳಿಗೆ) ಸೀಮಿತವಾಗಿತ್ತು, ಅಂದರೆ ಗಡ್ಡೆ ಹುಟ್ಟಿದ ಮೇಲೆ, ಬೆಳೆಯುತ್ತಿರುವಾಗ ಆದದ್ದು. ಒಂದೇ ಗಡ್ಡೆಯ ಬೇರೆ ಬೇರೆ ಕವಲುಗಳಲ್ಲಿ ಇದು ಸ್ವತಂತ್ರವಾಗಿ ನಡೆದ ಉದಾಹರಣೆಗಳೂ ಸಿಕ್ಕವು. ಮತ್ತು ಹೋದ ಪಾಲಿನ ಎಂಎಚ್‌ಸಿಗೆ ಹೊಂದಬಹುದಾಗಿದ್ದ ನವಪ್ರತಿಜನಕಗಳು ಆ ಕವಲುಗಳಲ್ಲಿ ಹೆಚ್ಚಾಗಿ ಕಂಡುಬಂದವು.

ಸಂಶಯವಾದಿ:

ಒಂದೇ ಗಡ್ಡೆಯ ಕವಲುಗಳು ಬೇರೆ ಬೇರೆಯಾಗಿ ಅದೇ ವಂಶವಾಹಿಗಳನ್ನು ಕಳೆದುಕೊಂಡದ್ದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ನನಗೂ ಕಷ್ಟ. ಉಳಿದ ಶೇಕಡ 60ರಷ್ಟು ಗಡ್ಡೆಗಳು ಯಾವ ದಾರಿ ಹಿಡಿದವು ಎಂಬುದನ್ನು ನಾನಾದರೆ ಸೂಕ್ಷ್ಮದರ್ಶಿಯವರ ಸ್ಲೈಡುಗಳಿಂದ ಹುಡುಕಲು ಆರಂಭಿಸುತ್ತೇನೆ: ಟಿ ಕೋಶ ಒಳಗಿದ್ದೂ ಪಿಡಿ-ಎಲ್1 ಅಡ್ಡಬಂದದ್ದು ಎಷ್ಟರಲ್ಲಿ, ನಾರಿನ ಪಟ್ಟಿಯಾಚೆಗೆ ನಿಂತದ್ದು ಎಷ್ಟರಲ್ಲಿ, ಡೆಂಡ್ರಿಟಿಕ್ ಕೋಶಗಳೇ ಬಾರದ್ದು ಎಷ್ಟರಲ್ಲಿ ಎಂದು ವಿಂಗಡಿಸಿದ ಮೇಲೆಯೇ ಯಾರಿಗೆ ಯಾವ ಔಷಧ ಎಂಬ ಮಾತು.